ಇಟ್ಟಿಗೆ ಹಿಡಿದ ಚಕ್ರ

ಮುಳ್ಳಣ್ಣ ಮುಳ್ಳಿನಂಥ ಮನುಷ್ಯನೇನಲ್ಲ. ಕಾರು, ವ್ಯಾನು, ಟೆಂಪೊಗಳ ಸ್ಪೀಡೊಮೀಟರಿನೊಳಗೆ ನಡುಗುವ ಮುಳ್ಳನ್ನು ಮೂವತ್ತೊಂದು ವರ್ಷದಿಂದ ಸರಿಮಾಡುತ್ತ ಬಂದಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು, ಅಷ್ಟೆ. ಬೀದಿಯ ಕೊನೆಯಲ್ಲಿ, ಕ್ಷೌರದಂಗಡಿಗೂ ಫೋಟೊ ಸ್ಟುಡಿಯೊಗೂ ನಡುವೆ ಒತ್ತರಿಸಿಕೊಂಡಂತೆ ಅವನ ಅಂಗಡಿ. ಎಡಗಡೆಯವನು ತಲೆ ಸರಿಮಾಡುತ್ತಾನೆ, ಬಲಗಡೆಯವನು ಮುಖ ಸರಿಮಾಡುತ್ತಾನೆ, ತಾನು ನಡುವೆ ಕುಳಿತು ನಡೆ ಸರಿಮಾಡುತ್ತೇನೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಎರಡನೆಯ ಸಲ ಬಂದವರಿಗೂ ಹೇಳುತ್ತಿದ್ದ.

ಗೋಡೆಯ ತುಂಬ ಸತ್ತ ಮೀಟರುಗಳು. ಒಂದರ ಮುಳ್ಳು ಎಂಬತ್ತರಲ್ಲಿ ನಿಂತಿದೆ, ಇನ್ನೊಂದರದು ಇಪ್ಪತ್ತರಲ್ಲಿ, ಮತ್ತೊಂದರದು ಸೊನ್ನೆಗಿಂತ ಕೆಳಗೆ ಜಾರಿ ನಾಚಿಕೊಂಡಂತೆ ಮಲಗಿದೆ. ಇಷ್ಟೊಂದು ವೇಗಗಳ ನಡುವೆ ಬದುಕುವ ಮುಳ್ಳಣ್ಣ ಮಾತ್ರ ಜನ್ಮದಲ್ಲಿ ಒಂದು ವಾಹನ ಓಡಿಸಿದವನಲ್ಲ. ಅವನದು ಸೈಕಲ್ಲು. ಅದಕ್ಕೂ ಒಂದು ಮೀಟರ್ ಕಟ್ಟಿದ್ದ. ಅದು ಹನ್ನೆರಡರ ಮೇಲೆ ಏರಿದ್ದನ್ನು ಕಂಡವರಿಲ್ಲ. ಒಮ್ಮೆ ನಾಯಿ ಅಟ್ಟಿಸಿಕೊಂಡು ಬಂದಾಗ ಹದಿನೇಳಕ್ಕೆ ಹೋಗಿತ್ತಂತೆ. ಆದರೆ ಅದಕ್ಕೆ ಸಾಕ್ಷಿ ನಾಯಿಯೊಂದೇ.

ಕೆಲಸ ಮುಗಿದ ಮೇಲೆ ಮುಳ್ಳಣ್ಣ ಒಂದು ಚೀಟಿ ಬರೆದು, ತಾರೀಖು ಹಾಕಿ, ಸಹಿ ಮಾಡಿ, ಮೀಟರಿನ ಪಕ್ಕದಲ್ಲಿ ಅಂಟಿಸುತ್ತಿದ್ದ. "ಮುಳ್ಳು ಸರಿ ಇದೆ." ಇಷ್ಟೇ ಮಾತು. ಹಳೆ ಗಾಡಿ ಕೊಳ್ಳುವವರು ಎಂಜಿನ್ನಿಗಿಂತ ಮೊದಲು ಆ ಚೀಟಿ ಇದೆಯೇ ಎಂದು ಇಣುಕುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದು ಚೀಟಿಯೂ ಸುಳ್ಳಾಗಿರಲಿಲ್ಲ. ಇದನ್ನು ಇತರರು ಹೇಳುವುದಕ್ಕಿಂತ ಹೆಚ್ಚಾಗಿ ಅವನೇ ಹೇಳಿಕೊಳ್ಳುತ್ತಿದ್ದ.

ಈ ಕೆಲಸದಲ್ಲಿ ಮೀಟರ್ ಬಿಚ್ಚುವುದು ಸುಲಭದ ಭಾಗ. ಕಷ್ಟವೆಲ್ಲ ಗಾಡಿಯ ಹಿಂಭಾಗದಲ್ಲಿ. ಮೀಟರ್ ಎಂಬ ಈ ಮಹಾಶಯ ಚಕ್ರವನ್ನು ನೋಡುವುದೇ ಇಲ್ಲ. ಎಂಜಿನ್ನಿನ ಕಡೆಯಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟ್ ಎಷ್ಟು ಸುತ್ತಿತು ಎಂದು ಎಣಿಸಿ, ಹಾಗಾದರೆ ಚಕ್ರ ಇಷ್ಟು ಓಡಿರಬೇಕು ಎಂದು ಅಂದಾಜು ಹೇಳುತ್ತದೆ. ಶಾಫ್ಟಿನ ಎಷ್ಟು ಸುತ್ತಿಗೆ ಚಕ್ರದ ಒಂದು ಸುತ್ತು ಎಂಬುದು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲಿನ ಹೊಟ್ಟೆಯಲ್ಲಿರುವ ಹಲ್ಲುಚಕ್ರಗಳ ಗುಟ್ಟು. ಒಂದು ಗಾಡಿಯಲ್ಲಿ ಮೂರೂ ಮುಕ್ಕಾಲು, ಇನ್ನೊಂದರಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು. ಆಕ್ಸಲ್ ಮುರಿದು ಗುಜರಿಯಿಂದ ಬೇರೆಯದು ತಂದು ಹಾಕಿದರೆ ಗುಟ್ಟು ಬದಲಾಗಿರುತ್ತದೆ, ಮೀಟರಿಗೆ ಸುದ್ದಿ ಮುಟ್ಟಿರುವುದಿಲ್ಲ. ಮನೆ ಬದಲಾಯಿಸಿದವರ ಕಾಗದ ಹಳೆ ವಿಳಾಸಕ್ಕೇ ಹೋಗುತ್ತಿರುವಂತೆ.

ಆಕ್ಸಲಿನ ಮೇಲೆ ಅಂಕಿ ಬರೆದ ತಗಡಿನ ತುಂಡು ಇರಬೇಕು. ಇರುವುದಿಲ್ಲ. ಆದ್ದರಿಂದ ಹೊಟ್ಟೆ ಕೊಯ್ಯದೆ ಗುಟ್ಟು ತಿಳಿಯಲು ಮುಳ್ಳಣ್ಣನದೊಂದು ಪದ್ಧತಿ ಇತ್ತು. ಹಿಂದಿನ ಎರಡು ಚಕ್ರಗಳನ್ನೂ ಜಾಕ್ ಹಾಕಿ ನೆಲದಿಂದ ನಾಲ್ಕು ಬೆರಳು ಎತ್ತುವುದು. ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು. ಅದು ಕಾಣುವಂತೆ ಕೆಳಗೆ ಎಣ್ಣೆ ಡಬ್ಬಿಗೆ ಒಂದು ಕನ್ನಡಿ ಒರಗಿಸುವುದು. ಆಮೇಲೆ ಒಂದು ಚಕ್ರವನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸುವುದು. ಒಂದು ಸುಮ್ಮನಿದ್ದರೆ ಇನ್ನೊಂದು ಎರಡರ ಪಾಲು ದುಡಿಯಬೇಕಾದ್ದರಿಂದ ಇಪ್ಪತ್ತು ಸುತ್ತು ಅಂದರೆ ಹತ್ತರ ಲೆಕ್ಕ. ಅಷ್ಟರಲ್ಲಿ ಶಾಫ್ಟ್ ನಲವತ್ತೊಂದು ಸುತ್ತಿದರೆ, ಗುಟ್ಟು ನಾಲ್ಕು ಬಿಂದು ಒಂದು.

ಒಂದು ಚಕ್ರ ಅಲುಗದಂತೆ ಹಿಡಿಯುವುದು ಎಂದೆನಲ್ಲ, ಅದನ್ನು ಹಿಡಿಯುತ್ತಿದ್ದವಳು ಹೆಂಡತಿ.

ಬೀದಿಯವರು ಅವಳನ್ನು ಗುಂಡಿ ಅತ್ತಿಗೆ ಎನ್ನುತ್ತಿದ್ದರು. ರಸ್ತೆಯ ಗುಂಡಿಯಲ್ಲ, ಅಂಗಿಯ ಗುಂಡಿ. ಅಂಗಡಿಯ ಹಿಂದೆಯೇ ಮನೆ. ಬಾಗಿಲ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅಂಗಿಗಳಿಗೆಲ್ಲ ಗುಂಡಿ ಹಾಕುತ್ತಿದ್ದಳು. ಮುಳ್ಳಣ್ಣ "ಕೇಳಿಸ್ತಾ?" ಎಂದರೆ ಸಾಕು, ಸೂಜಿಯನ್ನು ಸೆರಗಿಗೆ ಚುಚ್ಚಿ, ಗುಂಡಿ ಡಬ್ಬಿ ಎತ್ತಿಕೊಂಡು ಬಂದು ಗಾಡಿಯ ಬಲಪಕ್ಕದ ಸ್ಟೂಲಿನ ಮೇಲೆ ಕೂರುವಳು. ಬಲಗಾಲ ಚಪ್ಪಲಿ ಬಿಟ್ಟು ಅಂಗಾಲನ್ನು ಟೈರಿಗೆ ಒತ್ತಿ ಹಿಡಿಯುವಳು. ಎಡಪಕ್ಕದಲ್ಲಿ ಅವನು ಚಕ್ರ ತಿರುಗಿಸುತ್ತ ಅದರ ಸುತ್ತು ಎಣಿಸಬೇಕು. ಈ ಕಡೆ ಅವಳು ಕನ್ನಡಿಯಲ್ಲಿ ಸುಣ್ಣದ ಗೆರೆ ಕಂಡಾಗಲೆಲ್ಲ ಡಬ್ಬಿಯ ಮುಚ್ಚಳಕ್ಕೆ ಒಂದು ಗುಂಡಿ ಹಾಕಬೇಕು. ಕೊನೆಯಲ್ಲಿ ಗುಂಡಿ ಎಣಿಸಿದರೆ ಆಯಿತು. ಚಕ್ರ ಒಂದು ಹೆಬ್ಬೆರಳಿನಷ್ಟು ಜಾರಿದರೂ ಅವಳ ಅಂಗಾಲಿಗೆ ಗೊತ್ತಾಗುತ್ತಿತ್ತು. "ತಡೀರಿ" ಎನ್ನುವಳು. ಮುಳ್ಳಣ್ಣ ಗೊಣಗುತ್ತ ಮತ್ತೆ ಒಂದರಿಂದ ಶುರುಮಾಡುವನು.

ಬೇರೆ ವಿಷಯಗಳಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಸಂಸಾರವೇ. ಆದರೆ ಗಾಡಿಯ ಎರಡು ಪಕ್ಕ ಕುಳಿತಾಗ ಮಾತ್ರ ಇಬ್ಬರ ಲೆಕ್ಕ ಒಂದೇ ಕಡೆ ಬಂದು ಸೇರುತ್ತಿತ್ತು.

ಕೆಟ್ಟದ್ದು ಮಾತಿನಿಂದ. ಮೂರು ತಿಂಗಳ ಹಿಂದೆ ಯಾರೋ ಗಿರಾಕಿ, "ಅತ್ತಿಗೆ ಇಲ್ಲದಿದ್ರೆ ನಿಮ್ಮ ಕೆಲಸ ನಡೆಯೋದಿಲ್ಲ ಬಿಡಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಅಂದ. ಮುಳ್ಳಣ್ಣನ ಮೂಗಿನ ಮುಳ್ಳು ಒಮ್ಮೆಲೇ ನೂರಕ್ಕೇರಿತು.

"ಲೆಕ್ಕ ಎಲ್ಲ ನಂದು ಸ್ವಾಮಿ. ಅವಳದೇನು, ಕಾಲು ಇಡೋದು ತಾನೆ? ಒಂದು ಇಟ್ಟಿಗೆ ಇಟ್ರೂ ಆ ಕೆಲಸ ಆಗುತ್ತೆ."

ಬಾಗಿಲ ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮತ್ತೆ ಶುರುವಾಯಿತು. ಮುಳ್ಳಣ್ಣ ಬಚಾವಾದೆ ಅಂದುಕೊಂಡ. ಮರುದಿನ ಬೆಳಿಗ್ಗೆ ಅತ್ತಿಗೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕನ ಮನೆಗೆ ಹೋಗಿ ಬರ್ತೀನಿ."

"ಎಷ್ಟು ದಿನ?"

"ನೋಡೋಣ. ಇಟ್ಟಿಗೆ ಹಿತ್ತಲಲ್ಲಿದೆ."

ಹನ್ನೊಂದು ದಿನ ಹೋದಳು. ಗುಂಡಿ ಡಬ್ಬಿಯನ್ನೂ ಜೊತೆಗೆ ಒಯ್ದಳು. ಆಡಿದ ಮಾತಿಗೆ ಬದ್ಧನಾಗುವುದೇ ಗಂಡಸುತನ ಎಂದು ನಂಬಿದ್ದ ಮುಳ್ಳಣ್ಣ ಹಿತ್ತಲಿನಿಂದ ಇಟ್ಟಿಗೆ ತಂದ. ಟೈರಿಗೂ ನೆಲಕ್ಕೂ ನಡುವೆ ಬಿಗಿಯಾಗಿ ತುರುಕಿದ. ಎಡಗೈಯಲ್ಲಿ ಚಕ್ರ, ಬಲಗೈಯಲ್ಲಿ ಗುಂಡಿಗೆ ಬದಲು ಕಬ್ಬಿಣದ ನಟ್ಟು, ಕುತ್ತಿಗೆ ಕನ್ನಡಿಯ ಕಡೆಗೆ. ಹೀಗೆ ಐದು ಗಾಡಿಗಳ ಗುಟ್ಟು ಕಂಡುಹಿಡಿದು ಐದು ಚೀಟಿ ಅಂಟಿಸಿದ. ಅತ್ತಿಗೆ ವಾಪಸು ಬಂದ ದಿನ ಚಪ್ಪಲಿ ಬಿಡುತ್ತಲೇ ಕೇಳಿದಳು.

"ಕೆಲಸ ನಡೀತಾ?"

"ಏನೂ ತೊಂದರೆ ಆಗ್ಲಿಲ್ಲ," ಎಂದ ಮುಳ್ಳಣ್ಣ.

"ಒಳ್ಳೆಯದಾಯ್ತು," ಎಂದು ಅವಳು ಒಳಗೆ ಹೋದಳು. ಅಲ್ಲಿಗೆ ಆ ವಿಷಯ ಮುಗಿಯಿತು ಎಂದು ಅವನು ತಿಳಿದ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿದ್ದರೂ ಹೀಗೆ ತಿಳಿಯುವಷ್ಟು ಮುಗ್ಧತೆ ಅವನಲ್ಲಿ ಉಳಿದಿತ್ತು.

ಮೂರು ತಿಂಗಳಾದ ಮೇಲೆ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶಾಲೆಯ ಹಳದಿ ವ್ಯಾನು ಅಂಗಡಿಯ ಮುಂದೆ ಬಂದು ನಿಂತಿತು. ಇಳಿದವಳು ವ್ಯಾನಕ್ಕ. ಹದಿನಾಲ್ಕು ವರ್ಷದಿಂದ ಆ ಶಾಲೆಯ ಮಕ್ಕಳನ್ನು ಮನೆಯಿಂದ ಕರೆದೊಯ್ದು ಮನೆಗೆ ಬಿಡುವವಳು. ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾವುದು ಬ್ಯಾಗು ಮರೆಯುತ್ತದೆ, ಯಾವುದರ ಅಮ್ಮ ಎರಡು ನಿಮಿಷ ತಡ ಎಲ್ಲವೂ ಅವಳಿಗೆ ಬಾಯಿಪಾಠ. ಸಾಮಾನ್ಯವಾಗಿ ಹಾರನ್ನಿಗಿಂತ ಮೊದಲು ಅವಳ ನಗು ಕೇಳಿಸುತ್ತಿತ್ತು. ಅಂದು ನಗು ಇರಲಿಲ್ಲ. ಕಣ್ಣು ಕೆಂಪಾಗಿತ್ತು.

"ಅಣ್ಣ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನಿಮ್ಮ ಚೀಟಿ ಸುಳ್ಳಾ, ನಾನು ಸುಳ್ಳಾ?"

"ಕೂತ್ಕೊಳಮ್ಮ ಮೊದಲು. ಏನಾಯ್ತು?"

ಆದದ್ದು ಇಷ್ಟು. ಶಾಲೆಯ ಗುಮಾಸ್ತರು ದಿನವೂ ವ್ಯಾನು ಓಡಿದ ಕಿಲೋಮೀಟರು ಬರೆದಿಡುತ್ತಾರೆ. ಯಾವಾಗಲೂ ದಿನಕ್ಕೆ ಮೂವತ್ತು. ಮೊನ್ನೆ ಪುಸ್ತಕ ತೆರೆದು ನೋಡಿದರೆ ಮೂರು ತಿಂಗಳಿಂದ ದಿನಕ್ಕೆ ಮೂವತ್ತಮೂರು. ಅನುಮಾನ ಬಂದು ತಮ್ಮ ಸ್ಕೂಟರಿನಲ್ಲಿ ದಾರಿಯನ್ನು ಅಳೆದಿದ್ದಾರೆ. ಸರಿಯಾಗಿ ಮೂವತ್ತೇ. ಹಾಗಾದರೆ ಉಳಿದ ಮೂರು ಎಲ್ಲಿಗೆ? ವ್ಯಾನಕ್ಕನ ತಂಗಿಯ ಅಂಗಡಿ ಶಾಲೆಯ ದಾರಿಯಿಂದ ಒಂದೂವರೆ ಕಿಲೋಮೀಟರು ಒಳಗಿದೆ.

"ಹೋಗೋಕೆ ಒಂದೂವರೆ, ಬರೋಕೆ ಒಂದೂವರೆ, ಲೆಕ್ಕ ಸರಿಹೋಯ್ತಲ್ಲಮ್ಮ ಅಂದ್ರು," ಎಂದಳು ವ್ಯಾನಕ್ಕ. "ಅಣ್ಣ, ಆ ದಾರಿಗೆ ನಾನು ವ್ಯಾನಿನ ಮೂತಿ ಕೂಡ ತಿರುಗಿಸಿಲ್ಲ. ಅದರ ಮೇಲೆ, ಮಕ್ಕಳು ದಿನಾ ಗಂಟೆ ಹೊಡೆದ ಮೇಲೆ ಬರ್ತಾರೆ, ಅದಕ್ಕೂ ಇದೇ ಕಾರಣ ಅಂತೆ. ಹೆಡ್ ಮಿಸ್ ನಲವತ್ತರ ಮೇಲೆ ಹೋಗಬಾರದು ಅಂದಿದ್ದಾರೆ. ನಾನು ಮುಳ್ಳು ನಲವತ್ತರಲ್ಲೇ ಇಟ್ಟು ಓಡಿಸ್ತೀನಿ. ಆದ್ರೂ ತಡ. ನನಗೇ ಅರ್ಥ ಆಗ್ತಿಲ್ಲ."

"ಮೀಟರ್ ತಪ್ಪಿರಬಹುದು ಅಂತ ಹೇಳ್ಲಿಲ್ವಾ?"

"ಹೇಳ್ದೆ. ಗುಮಾಸ್ತರು ವ್ಯಾನಿನ ಬಾಗಿಲು ತೆಗೆದು ನಿಮ್ಮ ಚೀಟಿ ತೋರಿಸಿದ್ರು. ಮುಳ್ಳಣ್ಣ ಸರಿ ಇದೆ ಅಂದ ಮೇಲೆ ಸರಿ ಇದೆ, ಆ ಮನುಷ್ಯ ಮೂವತ್ತೊಂದು ವರ್ಷದಲ್ಲಿ ತಪ್ಪಿಲ್ಲ ಅಂದ್ರು." ವ್ಯಾನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತು ಸಂಜೆ ಮಕ್ಕಳನ್ನ ಬಿಟ್ಟು ಬಂದ ಮೇಲೆ ನಾಲ್ಕೂವರೆಗೆ ಹೆಡ್ ಮಿಸ್ ಕರೆದಿದ್ದಾರೆ. ಬೀಗದ ಕೈ ತಗೊಂಡು ಬಾ ಅಂದಿದ್ದಾರೆ, ಅಣ್ಣ."

ತನ್ನ ಕೀರ್ತಿ ಇಷ್ಟು ದೂರ ಹರಡಿದ್ದು ಬೇರೆ ಯಾವ ದಿನವಾದರೂ ಮುಳ್ಳಣ್ಣನಿಗೆ ಹಿತವಾಗುತ್ತಿತ್ತು. ಅಂದು ಚುಚ್ಚಿತು. ಅವನಿಗೆ ನೆನಪಿತ್ತು. ಮೂರು ತಿಂಗಳ ಹಿಂದೆ ವ್ಯಾನಿನ ಆಕ್ಸಲ್ ಮುರಿದಿತ್ತು. ಗ್ಯಾರೇಜಿನವರು ಗುಜರಿಯಿಂದ ಇನ್ನೊಂದು ತಂದು ಕೂರಿಸಿದ್ದರು. ತಾನು ಎಣಿಸಿ, "ಹಳೆಯದೂ ಮೂರೂ ಮುಕ್ಕಾಲು, ಇದೂ ಮೂರೂ ಮುಕ್ಕಾಲು. ಏನೂ ಬದಲಾಯಿಸಬೇಕಿಲ್ಲ" ಎಂದು ಚೀಟಿ ಅಂಟಿಸಿದ್ದ. ಆಗ ವ್ಯಾನಕ್ಕ, "ಎಂಜಿನ್ ಯಾಕೋ ಮೊದಲಿಗಿಂತ ಜಾಸ್ತಿ ಕಿರುಚುತ್ತೆ ಅಣ್ಣ" ಎಂದಿದ್ದಳು. "ವಯಸ್ಸಾದ ಮೇಲೆ ಎಲ್ಲರೂ ಕಿರುಚ್ತಾರೆ" ಎಂದು ತಮಾಷೆ ಮಾಡಿ ಕಳಿಸಿದ್ದ. ಚೀಟಿಯ ತಾರೀಖು ನೋಡಲು ವ್ಯಾನಿನೊಳಗೆ ತಲೆ ಹಾಕಿದ. ನೋಡುವುದೇನಿತ್ತು? ಅತ್ತಿಗೆ ಅಕ್ಕನ ಮನೆಗೆ ಹೋದ ಏಳನೆಯ ದಿನ.

ಆದರೂ ಮನುಷ್ಯ ತನ್ನ ತಪ್ಪನ್ನು ಹುಡುಕುವಾಗ ಅದು ಇಲ್ಲದ ಜಾಗಗಳಲ್ಲೇ ಮೊದಲು ಹುಡುಕುತ್ತಾನೆ. ಮುಳ್ಳಣ್ಣ ಮೀಟರ್ ಬಿಚ್ಚಿ ಮೇಜಿನ ಮೇಲಿನ, ಮೀಟರ್ ಪರೀಕ್ಷಿಸುವ ಯಂತ್ರಕ್ಕೆ ಕೊಟ್ಟು ತಿರುಗಿಸಿದ. ಮೀಟರಿನಲ್ಲಿ ದೋಷವಿಲ್ಲ. ದಾರ ಸುತ್ತಿ ಟೈರಿನ ಸುತ್ತಳತೆ ತೆಗೆದ. ಟೈರಿನಲ್ಲೂ ದೋಷವಿಲ್ಲ. ವ್ಯಾನಕ್ಕನ ಪಕ್ಕದಲ್ಲಿ ಕುಳಿತು ಕಾಲುವೆ ಪಕ್ಕದ ರಸ್ತೆಗೆ ಹೋದ. ಅಲ್ಲಿ ಕಿಲೋಮೀಟರಿಗೊಂದು ಕಲ್ಲು ಇದೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಮೀಟರ್ ಒಂದು ಬಿಂದು ಒಂದು ತೋರಿಸಿತು. ಇನ್ನೊಂದು ಕಲ್ಲಿಗೂ ಅಷ್ಟೇ. ಕಲ್ಲುಗಳನ್ನೇ ತಪ್ಪಾಗಿ ನೆಟ್ಟಿರಬಹುದೇ ಎಂಬ ಯೋಚನೆ ಕೂಡ ಒಂದು ಕ್ಷಣ ಸುಳಿದುಹೋಯಿತು. ಕಲ್ಲು ಅವನನ್ನೇ ನೋಡುತ್ತಿತ್ತು.

ವಾಪಸು ಬಂದಾಗ ಹೊಲಿಗೆ ಯಂತ್ರ ಸುಮ್ಮನಿತ್ತು. ಅತ್ತಿಗೆ ದಾರ ತರಲು ಪೇಟೆಗೆ ಹೋಗಿದ್ದಳು. ಒಳ್ಳೆಯದೇ ಆಯಿತು ಎಂದುಕೊಂಡ ಮುಳ್ಳಣ್ಣ ಗಡಿಬಿಡಿಯಲ್ಲಿ ವ್ಯಾನಿಗೆ ಜಾಕ್ ಹಾಕಿದ. ವ್ಯಾನಕ್ಕನಿಗೆ ಕ್ಷೌರದಂಗಡಿಯ ಬೆಂಚು ತೋರಿಸಿ, "ನೀನು ಸ್ವಲ್ಪ ಹೊತ್ತು ಅಲ್ಲಿ ಕೂತಿರಮ್ಮ, ಇದು ಏಕಾಗ್ರತೆಯ ಕೆಲಸ" ಎಂದ. ಹಿತ್ತಲಿಗೆ ಹೋಗಿ ಅತ್ತಿತ್ತ ನೋಡಿ ಅದೇ ಇಟ್ಟಿಗೆಯನ್ನು ಹೊಟ್ಟೆಗೊತ್ತಿಕೊಂಡು ತಂದ. ತುರುಕಿದ. ನಟ್ಟು ಹಾಕುತ್ತ ಇಪ್ಪತ್ತು ಸುತ್ತು ತಿರುಗಿಸಿದ.

ಮೂವತ್ತೆಂಟೂವರೆ.

ಮೂರು ತಿಂಗಳ ಹಿಂದೆ ಬಂದದ್ದು ಮೂವತ್ತೇಳು ಚಿಲ್ಲರೆ. ಇನ್ನೊಮ್ಮೆ ತಿರುಗಿಸಿದ. ಮೂವತ್ತಾರು. ಬೆವರು ಕಣ್ಣಿಗಿಳಿಯಿತು. ಹಲ್ಲುಚಕ್ರಕ್ಕೆ ಗಳಿಗೆಗೊಂದು ಬುದ್ಧಿ ಇರುವುದಿಲ್ಲ. ಅದರ ಹಲ್ಲು ಎಷ್ಟೋ ಅಷ್ಟೇ. ಮನುಷ್ಯರ ಹಲ್ಲಿನ ಹಾಗೆ ವಯಸ್ಸಿಗೆ ತಕ್ಕಂತೆ ಲೆಕ್ಕ ಬದಲಾಗುವುದಿಲ್ಲ. ಮೊದಲ ಬಾರಿಗೆ ಅವನು ಎದ್ದು ಬಲಪಕ್ಕಕ್ಕೆ ಹೋಗಿ ಬಗ್ಗಿ ಇಟ್ಟಿಗೆಯ ಮುಖ ನೋಡಿದ. ಅದರ ಮೇಲೆ ಟೈರು ಉಜ್ಜಿದ ಕಪ್ಪು ಗೀರು, ಸುತ್ತ ಕೆಂಪು ಪುಡಿ. ಅವನು ಆ ಕಡೆ ಒಂದೊಂದು ಸುತ್ತು ತಿರುಗಿಸಿದಾಗಲೂ ಈ ಕಡೆ ಚಕ್ರ ಕಳ್ಳಹೆಜ್ಜೆ ಇಟ್ಟು ಹಿಂದಕ್ಕೆ ಜಾರುತ್ತಿತ್ತು. ಅಷ್ಟಷ್ಟೂ ಶಾಫ್ಟಿನ ಲೆಕ್ಕದಲ್ಲಿ ಕಡಿಮೆಯಾಗುತ್ತಿತ್ತು. ಇಟ್ಟಿಗೆ ಎಲ್ಲವನ್ನೂ ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ಇಟ್ಟಿಗೆ "ತಡೀರಿ" ಎನ್ನುವುದಿಲ್ಲ.

"ಇದೇನಾ ಅದು?"

ತಲೆಯೆತ್ತಿದರೆ ಅತ್ತಿಗೆ. ಕೈಯಲ್ಲಿ ದಾರದ ಪೊಟ್ಟಣ. ನೋಟ ಇಟ್ಟಿಗೆಯ ಮೇಲೆ.

"ಅದು... ಜಾಕ್ ಜಾರದೇ ಇರಲಿ ಅಂತ..."

"ಜಾಕ್ ಆ ಕಡೆ ಇದೆ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಮುಳ್ಳಣ್ಣ ಕೈಗಂಟಿದ ಕೆಂಪು ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಷ್ಟರಲ್ಲಿ ಬೆಂಚಿನಿಂದ ವ್ಯಾನಕ್ಕ ಎದ್ದು ಬಂದು, "ಅತ್ತಿಗೆ, ಇವತ್ತು ನನ್ನ ಕೆಲಸ ಹೋಗುತ್ತೆ" ಎಂದು ಅತ್ತೇಬಿಟ್ಟಳು. ನಡುನಡುವೆ ಬಿಕ್ಕುತ್ತ ಎಲ್ಲವನ್ನೂ ಹೇಳಿದಳು. ಅತ್ತಿಗೆ ಕೇಳಿದಳು. ಮೀಟರಿನ ಪಕ್ಕದ ಚೀಟಿಯ ತಾರೀಖು ಓದಿದಳು. ಬೆರಳು ಮಡಚಿ ಏನನ್ನೋ ಎಣಿಸಿಕೊಂಡಳು. ಆಮೇಲೆ ಒಳಗೆ ಹೋದಳು.

ಮುಳ್ಳಣ್ಣನಿಗೆ ಆ ಅರ್ಧ ನಿಮಿಷದಲ್ಲಿ ಅವಳ ಅಕ್ಕನ ಊರಿನ ಬಸ್ಸಿನ ವೇಳಾಪಟ್ಟಿ ಪೂರ್ತಿ ಕಣ್ಣ ಮುಂದೆ ಬಂತು.

ಅವಳು ಹೊರಬಂದದ್ದು ಸ್ಟೂಲು ಮತ್ತು ಗುಂಡಿ ಡಬ್ಬಿಯೊಂದಿಗೆ. ಕಾಲಿನಿಂದ ಇಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಕೂತಳು. ಚಪ್ಪಲಿ ಬಿಟ್ಟು ಅಂಗಾಲು ಟೈರಿಗೆ ಒತ್ತಿದಳು.

"ತಿರುಗಿಸಿ."

"ಒಂದು," ಎಂದ ಮುಳ್ಳಣ್ಣ. ಆ ಕಡೆ ಮುಚ್ಚಳದಲ್ಲಿ ಗುಂಡಿಗಳು ಟಿಣ್ ಟಿಣ್ ಎಂದವು. ಏಳನೆಯ ಸುತ್ತಿಗೆ "ತಡೀರಿ" ಬಂತು. ಮುಳ್ಳಣ್ಣ ಈ ಸಲ ಗೊಣಗಲಿಲ್ಲ. ಮತ್ತೆ ಒಂದರಿಂದ. ಇಪ್ಪತ್ತಕ್ಕೆ ನಿಲ್ಲಿಸಿದ. ಅತ್ತಿಗೆ ಗುಂಡಿಗಳನ್ನು ಐದೈದಾಗಿ ಸರಿಸಿದಳು.

"ನಲವತ್ತೊಂದು. ಮೇಲೆ ಒಂಚೂರು."

"ಇನ್ನೊಂದು ಸಲ?"

ಇನ್ನೊಂದು ಸಲವೂ ನಲವತ್ತೊಂದು, ಮೇಲೆ ಒಂಚೂರು.

ಮುಳ್ಳಣ್ಣ ನೆಲದ ಮೇಲೆಯೇ ಕೂತ. ಆಕ್ಸಲ್ ನಾಲ್ಕು ಬಿಂದು ಒಂದರದು. ಮೀಟರ್ ಮೂರೂ ಮುಕ್ಕಾಲು ಎಂದು ನಂಬಿಕೊಂಡಿದೆ. ಹತ್ತು ಓಡಿದರೆ ಹನ್ನೊಂದು ಅನ್ನುತ್ತದೆ. ಮೂವತ್ತು ಓಡಿದರೆ ಮೂವತ್ತಮೂರು. ಮುಳ್ಳು ನಲವತ್ತರಲ್ಲಿದ್ದಾಗ ವ್ಯಾನು ಮೂವತ್ತಾರರಲ್ಲಿ ತೆವಳುತ್ತಿತ್ತು. ತಂಗಿಯ ಅಂಗಡಿಗೆ ಹೋಗಿಬಂದದ್ದು ವ್ಯಾನಲ್ಲ, ಇವನ ಚೀಟಿ.

"ಅಂದ್ರೆ ನಾನು ಸುಳ್ಳಲ್ಲ ಅಲ್ವಾ ಅಣ್ಣ?" ಎಂದಳು ವ್ಯಾನಕ್ಕ.

"ಅಲ್ಲಮ್ಮ," ಎಂದ ಮುಳ್ಳಣ್ಣ. "ನೀನಲ್ಲ."

ಸರಿಮಾಡುವುದು ಅರ್ಧ ಗಂಟೆಯ ಕೆಲಸ. ಮೀಟರಿನ ಕೇಬಲ್ಲು ಗೇರ್‌ಬಾಕ್ಸಿಗೆ ಸೇರುವ ತುದಿಯಲ್ಲಿ ಹೆಬ್ಬೆರಳಿನ ಗಾತ್ರದ ಪ್ಲಾಸ್ಟಿಕ್ ಹಲ್ಲುಚಕ್ರ ಇರುತ್ತದೆ. ವ್ಯಾನಿನಲ್ಲಿ ಇದ್ದದ್ದಕ್ಕೆ ಇಪ್ಪತ್ತು ಹಲ್ಲು. ಮುಳ್ಳಣ್ಣ ತನ್ನ ಖಾನೆ ಖಾನೆಯ ತಗಡಿನ ಪೆಟ್ಟಿಗೆಯಿಂದ ಇಪ್ಪತ್ತೆರಡು ಹಲ್ಲಿನದು ಹುಡುಕಿ, ಬೆಳಕಿಗೆ ಹಿಡಿದು ಎಣಿಸಿ, ಹೆಂಡತಿಯ ಕೈಗೆ ಕೊಟ್ಟ. ಅವಳೂ ಎಣಿಸಿದಳು. ಇಪ್ಪತ್ತೆರಡು. ಕೂರಿಸಿದ ಮೇಲೆ ಮೂವರೂ ಕಾಲುವೆ ರಸ್ತೆಗೆ ಹೋದರು. ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ಒಂದು. ವ್ಯಾನಕ್ಕ ಹಾರನ್ ಹೊಡೆದಳು. ಎದುರಿಗೆ ಯಾರೂ ಇರಲಿಲ್ಲ.

ಮೂರೂವರೆಗೆ ಅವಳು ಮಕ್ಕಳನ್ನು ಹತ್ತಿಸಲು ಹೋದಳು. ಮುಳ್ಳಣ್ಣ ಕೈ ತೊಳೆದು, ಅಂಗಿ ಬದಲಿಸಿ, ಸೈಕಲ್ ಹೊರಗೆ ತಂದ.

"ನಾನೂ ಬರ್ತೀನಿ," ಎಂದಳು ಅತ್ತಿಗೆ.

"ನೀನ್ಯಾಕೆ? ಹೇಳೋದು ನಾನು ತಾನೆ?"

"ಏನು ಹೇಳ್ತೀರೋ ಕೇಳೋದಕ್ಕೆ."

ಸೈಕಲ್ಲಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೊರಟಾಗ ಮುಳ್ಳು ಎಂಟರ ಮೇಲೆ ಏರಲಿಲ್ಲ. ದಾರಿಯುದ್ದಕ್ಕೂ ಮುಳ್ಳಣ್ಣನ ತಲೆಯಲ್ಲಿ ಸಭ್ಯವಾದ ಕಾರಣಗಳು ಒಂದೊಂದಾಗಿ ಹುಟ್ಟಿ ಸಾಲಾಗಿ ನಿಂತವು. ಜಾಕ್ ಹಳೆಯದಾಗಿತ್ತು. ನೆಲ ಇಳಿಜಾರಿತ್ತು. ಕನ್ನಡಿಗೆ ಎಣ್ಣೆ ಹತ್ತಿತ್ತು. ಯಾವುದನ್ನಾದರೂ ಒಂದನ್ನು ಹೇಳಿದರೆ ವ್ಯಾನಕ್ಕನ ಕೆಲಸ ಉಳಿಯುತ್ತದೆ, ತನ್ನ ಮಾನವೂ ಮುಕ್ಕಾಲು ಪಾಲು ಉಳಿಯುತ್ತದೆ.

ಹೆಡ್ ಮಿಸ್ಸಿನ ಕೋಣೆಯಲ್ಲಿ ಎಲ್ಲವೂ ನೇರ: ಮೇಜು ನೇರ, ಪೆನ್ಸಿಲ್ ನೇರ, ಅವರ ಬೆನ್ನೂ ನೇರ. ಮೇಜಿನ ಮೇಲೆ ಕಿಲೋಮೀಟರಿನ ಪುಸ್ತಕ. ಗುಮಾಸ್ತರು ಪ್ರತಿ ಮೂವತ್ತಮೂರರ ಕೆಳಗೂ ಕೆಂಪು ಗೆರೆ ಎಳೆದು ತಂದಿದ್ದರು. ವ್ಯಾನಕ್ಕ ಬೀಗದ ಕೈಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು.

"ಮೇಡಂ, ಆ ಚೀಟಿ ನಂದು," ಎಂದ ಮುಳ್ಳಣ್ಣ. "ಅದು ತಪ್ಪು. ಈಯಮ್ಮ ದಿನಾ ಮೂವತ್ತೇ ಓಡಿಸಿದ್ದಾಳೆ."

ಗುಮಾಸ್ತರು ಕನ್ನಡಕ ಮೇಲೇರಿಸಿದರು. "ಪರಿಚಯದವಳು ಅಂತ ಕರುಣೆ ಬಂತೇನೋ. ಮೂವತ್ತೊಂದು ವರ್ಷ ತಪ್ಪದ ಮನುಷ್ಯ ಇವತ್ತೇ ತಪ್ಪಿದ್ನಾ?"

"ಪುಸ್ತಕದಲ್ಲಿ ಮೊದಲನೇ ಮೂವತ್ತಮೂರು ಯಾವತ್ತು ಬಂದಿದೆ ನೋಡಿ ಸ್ವಾಮಿ."

ಗುಮಾಸ್ತರು ಹಾಳೆ ಹಿಂದೆ ಹಿಂದೆ ತಿರುವಿದರು. ಕೆಂಪು ಗೆರೆ ಎಳೆಯುವ ಭರದಲ್ಲಿ ಅವರು ಅದೊಂದನ್ನು ನೋಡಿರಲಿಲ್ಲ. ಮೊದಲ ಮೂವತ್ತಮೂರು ಬಿದ್ದದ್ದು ಚೀಟಿಯ ಮರುದಿನ. ಅದಕ್ಕೂ ಮೊದಲು, ಹಳೆ ಆಕ್ಸಲ್ ಇದ್ದಾಗ, ಬರೀ ಮೂವತ್ತು.

ಹೆಡ್ ಮಿಸ್ ಪೆನ್ಸಿಲ್ ಎತ್ತಿಕೊಂಡರು. ಅವರು ಲೆಕ್ಕದ ಟೀಚರ್ ಆಗಿದ್ದವರು. ಹಳೆ ಆಕ್ಸಲಿನದು, ಹೊಸದರದು ಎಂದು ಮುಳ್ಳಣ್ಣ ಹೇಳಿದ ಎರಡು ಅಂಕಿಗಳನ್ನು ಬರೆದು, ಭಾಗಿಸಿ, ಗುಮಾಸ್ತರ ಕಡೆ ತಿರುಗಿದರು. "ಹತ್ತಕ್ಕೆ ಹನ್ನೊಂದು. ಹಾಗಾದ್ರೆ ಮೂವತ್ತಕ್ಕೆ?"

"ಮೂವತ್ತಮೂರು ಮಿಸ್," ಎಂದರು ಗುಮಾಸ್ತರು. ಐವತ್ತನಾಲ್ಕು ವರ್ಷ ವಯಸ್ಸಿನ ತಾವು ಕೈ ಕಟ್ಟಿ ನಿಂತಿರುವುದು ಅವರಿಗೆ ಗೊತ್ತಾಗಲಿಲ್ಲ.

"ಬೀಗದ ಕೈ ನಿಮ್ಮ ಹತ್ರಾನೇ ಇರಲಿ," ಎಂದು ಹೆಡ್ ಮಿಸ್ ವ್ಯಾನಕ್ಕನಿಗೆ ಹೇಳಿದರು. ಪೆನ್ಸಿಲ್ ಕೆಳಗಿಟ್ಟು, "ನಾನು ಮೊದಲೇ ನಿಮ್ಮನ್ನ ಕೂರಿಸಿ ಕೇಳಬೇಕಿತ್ತು. ತಪ್ಪಾಯ್ತು" ಎಂದರು. ವ್ಯಾನಕ್ಕ ನಗಲು ಹೋಗಿ ಅತ್ತಳು.

ಮುಳ್ಳಣ್ಣ ಹೊರಡಲು ತಿರುಗಿದ. ಕೆಲಸ ಮುಗಿದಿತ್ತು, ಕಾರಣ ಯಾರೂ ಕೇಳಿರಲಿಲ್ಲ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೂ ಆಗಿತ್ತು.

"ಒಂದು ನಿಮಿಷ," ಎಂದರು ಹೆಡ್ ಮಿಸ್. "ಅಷ್ಟು ವರ್ಷ ತಪ್ಪದವರು ಅವತ್ತು ಯಾಕೆ ತಪ್ಪಿದ್ರಿ?"

ಜಾಕು, ನೆಲ, ಕನ್ನಡಿ ಮೂರೂ ನಾಲಿಗೆಯ ತುದಿಗೆ ಬಂದು ನಿಂತವು. ಅತ್ತಿಗೆ ಗೋಡೆಯ ಮೇಲಿನ ಭೂಪಟವನ್ನು, ಯಾವುದೋ ಸಾಗರವನ್ನು, ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಒಂದು ಚಕ್ರ ತಿರುಗಿಸುವಾಗ ಇನ್ನೊಂದನ್ನ ಇವಳು ಹಿಡಿದಿರ್ತಾಳೆ ಮೇಡಂ," ಎಂದ ಮುಳ್ಳಣ್ಣ. "ಇವಳು ಮಾಡೋ ಕೆಲಸ ಒಂದು ಇಟ್ಟಿಗೆ ಮಾಡುತ್ತೆ ಅಂದಿದ್ದೆ. ಇವಳು ಊರಲ್ಲಿ ಇರಲಿಲ್ಲ. ಇಟ್ಟಿಗೆ ಇಟ್ಟೆ. ಅದು ಮಾಡಲಿಲ್ಲ."

"ಇಟ್ಟಿಗೆ," ಎಂದರು ಹೆಡ್ ಮಿಸ್.

"ಹೂಂ ಮೇಡಂ."

ಹೆಡ್ ಮಿಸ್ ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ಸಾಗರದಿಂದ ಕಣ್ಣು ಕೀಳಲಿಲ್ಲ. ಆದರೆ ಮೂಗುತಿ ಒಂದು ಸಲ ಮಿನುಗಿದ್ದು, ಅಂದರೆ ಕೆನ್ನೆ ಅಲುಗಿದ್ದು, ಎಲ್ಲರಿಗೂ ಕಾಣಿಸಿತು. "ಅದನ್ನೂ ಬರೆದು ಕೊಡಿ," ಎಂದು ಹೆಡ್ ಮಿಸ್ ಒಂದು ಹಾಳೆ ಮುಂದಕ್ಕೆ ತಳ್ಳಿದರು. ಮುಳ್ಳಣ್ಣ ಬರೆದ. ಅವರು ಓದಿ, ಇಟ್ಟಿಗೆಗೆ ಕೊಡಬೇಕಾದ ಒತ್ತು ಬಿಟ್ಟುಹೋಗಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಪುಸ್ತಕದೊಳಗೆ ಇಟ್ಟರು.

ವಾಪಸು ಬರುವಾಗ ಏರಿನಲ್ಲಿ ಇಬ್ಬರೂ ಇಳಿದು ಸೈಕಲ್ ತಳ್ಳಿದರು.

"ಇನ್ನೆಷ್ಟು ಗಾಡಿಗೆ ಇಟ್ಟಿಗೆ ಇಟ್ಟಿದ್ರಿ?"

"ನಾಲ್ಕು." ಅವನ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಇತ್ತು. ಡಾಕ್ಟರ ಹಳೆ ಕಾರು, ಹಾಲಿನ ಟೆಂಪೊ, ತರಕಾರಿಯವನ ಟೆಂಪೊ, ಫೋಟೊ ಸ್ಟುಡಿಯೊದವನ ಜೀಪು. "ನಾಳೆ ಒಬ್ಬೊಬ್ಬರ ಮನೆಗೂ ಹೋಗಿ ಕರೀತೀನಿ."

"ಏನಂತ ಕರೀತೀರಿ?"

"ಇಟ್ಟಿಗೆ ವಿಷಯ ಹೇಳಿಯೇ ಕರೀತೀನಿ ಬಿಡು. ಒಂದು ಸಲ ಹೇಳಿ ಆಯ್ತಲ್ಲ."

"ಫೋಟೊದವನಿಗೆ ಹೇಳಿದ್ರೆ ಬೀದಿಗೆಲ್ಲ ಹೇಳಿದ ಹಾಗೆ."

"ಹಾಗಾದ್ರೆ ಅವನಿಗೇ ಮೊದಲು ಹೇಳ್ತೀನಿ. ಉಳಿದವರ ಮನೆಗೆ ಸೈಕಲ್ ತುಳಿಯೋದು ತಪ್ಪುತ್ತೆ."

ಅತ್ತಿಗೆ ನಕ್ಕಳು. ಮೂರು ತಿಂಗಳ ಮೇಲೆ ಕೇಳಿದ ನಗು ಅದು ಎಂದು ಮುಳ್ಳಣ್ಣನಿಗೆ ಆಗಲೇ ಹೊಳೆದದ್ದು. ಮೀಟರ್ ನೋಡುವುದು ಕಸುಬಾದವನಿಗೆ ಮನೆಯಲ್ಲಿ ನಿಂತುಹೋಗಿದ್ದ ಮುಳ್ಳು ಕಂಡಿರಲಿಲ್ಲ.

ಮರುದಿನ ಮೊದಲು ಬಂದದ್ದು ಡಾಕ್ಟರ ಕಾರು. ಮುಳ್ಳಣ್ಣ ಜಾಕ್ ಹಾಕಿ, ಗೆರೆ ಎಳೆದು, ಕನ್ನಡಿ ಒರೆಸಿ ಒರಗಿಸಿದ. "ಕೇಳಿಸ್ತಾ?" ಎನ್ನಲು ಬಾಯಿ ತೆರೆದವನು ಎದ್ದು ತಾನೇ ಒಳಗೆ ಹೋಗಿ ಸ್ಟೂಲು ತಂದು ಬಲಪಕ್ಕದಲ್ಲಿ ಇಟ್ಟ, ಅಲುಗಾಡುತ್ತದೆಯೇ ಎಂದು ಕೈಯಿಂದ ಒತ್ತಿ ನೋಡಿದ. ಅತ್ತಿಗೆ ಗುಂಡಿ ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಹಿತ್ತಲ ಕಡೆಯಿಂದ ಬಂದಳು. ಎರಡೂ ಕೈಯಲ್ಲಿ ಇಟ್ಟಿಗೆ ಇತ್ತು.

"ಅದ್ಯಾಕೆ ಮತ್ತೆ?" ಎಂದ ಮುಳ್ಳಣ್ಣ, ಮುಖ ಸಣ್ಣದು ಮಾಡಿಕೊಂಡು.

ಅವಳು ಕೂತು, ಇಟ್ಟಿಗೆಯನ್ನು ಸ್ಟೂಲಿನ ಮುಂದೆ ಇಟ್ಟು, ಅದರ ಮೇಲೆ ಎಡಗಾಲನ್ನು ಆರಾಮಾಗಿ ಚಾಚಿದಳು. ಬಲಗಾಲ ಅಂಗಾಲು ಟೈರಿಗೆ ಒತ್ತಿದಳು.

"ಪಾಪ, ಅದಕ್ಕೂ ಕೈಲಾಗೋ ಕೆಲಸ ಒಂದು ಬೇಡ್ವಾ?" ಎಂದಳು. "ಹೂಂ, ತಿರುಗಿಸಿ."

"ಒಂದು," ಎಂದ ಮುಳ್ಳಣ್ಣ.